ಇಷ್ಟೊಂದು ಜನ ನೊವಾಕರು ಎಲ್ಲಿಂದ ಬಂದರು?

ಪ್ರಶ್ನೆ: ನನ್ನ ಮಗಳು ಜೆಕ್ ಗಣರಾಜ್ಯದ ಬ್ರ್ನೊ ನಗರದಲ್ಲಿ ಎಂ.ಎಸ್. ಓದುತ್ತಿದ್ದಾಳೆ. ಅವಳ ಪ್ರೊಫೆಸರ್ ಹೆಸರು ನೊವಾಕ್. ಮನೆ ಬಾಡಿಗೆಗೆ ಕೊಟ್ಟ ಅಜ್ಜಿ ನೊವಾಕೊವಾ. ಕ್ಲಾಸಿನಲ್ಲಿರುವ ಪೋಲೆಂಡ್ ಹುಡುಗಿಯೂ ನೊವಾಕ್, ಆದರೆ ಅವಳಿಗೆ 'ಓವಾ' ಇಲ್ಲ. ಟೆನಿಸ್ ಆಡುವ ಜೊಕೊವಿಚ್ ಬೇರೆ ನೊವಾಕ್! ಇವರೆಲ್ಲ ಒಂದೇ ಮನೆತನದವರಾ? ನಮ್ಮ 'ನವ' ಶಬ್ದಕ್ಕೂ ಇದಕ್ಕೂ ನಂಟಿದೆ ಅಂತ ಯಾರೋ ಹೇಳಿದರು, ನಿಜವಾ? — ಒಬ್ಬ ಓದುಗರು, ಹುಬ್ಬಳ್ಳಿ

ಉತ್ತರ: ಒಂದೇ ಮನೆತನ ಅಲ್ಲ. 'ನವ'ದ ನಂಟು ಮಾತ್ರ ನಿಜ. ಎರಡಕ್ಕೂ ಕಾರಣ ಆ ಹೆಸರಿನ ಅರ್ಥದಲ್ಲೇ ಇದೆ, ಅಲ್ಲಿಂದಲೇ ಶುರು ಮಾಡುತ್ತೇನೆ.

ಜೆಕ್, ಪೋಲಿಷ್, ಸರ್ಬಿಯನ್‌ನಂಥ ಸ್ಲಾವ್ ಭಾಷೆಗಳಲ್ಲಿ 'ನೊವ್' ಅಂದರೆ ಹೊಸ. ಅದಕ್ಕೆ 'ಆಕ್' ಸೇರಿಸಿದರೆ 'ಹೊಸಬ'. ಜೆಕ್ ಭಾಷೆಯಲ್ಲಿ ಈ 'ಆಕ್' ಒಂದು ಗುಣವನ್ನು ಮನುಷ್ಯನನ್ನಾಗಿ ಮಾಡುತ್ತದೆ. 'ಖುದೀ' ಅಂದರೆ ಬಡ, 'ಖುದಾಕ್' ಅಂದರೆ ಬಡಪಾಯಿ. 'ಹ್ಲೌಪೀ' ಅಂದರೆ ಪೆದ್ದು, 'ಹ್ಲುಪಾಕ್' ಅಂದರೆ ಪೆದ್ದ. ನಾವು 'ಹೊಸ'ಕ್ಕೆ 'ಬ' ಹಚ್ಚಿ ಹೊಸಬ ಮಾಡಿಕೊಂಡ ಹಾಗೇ ಅವರು ನೊವಾಕ್ ಮಾಡಿಕೊಂಡರು. ನಿಮ್ಮ ಮಗಳ ಪ್ರೊಫೆಸರನ್ನು ಅಚ್ಚಗನ್ನಡಕ್ಕೆ ತಂದರೆ 'ಹೊಸಬ ಮೇಷ್ಟ್ರು' ಅಂತಾಗುತ್ತದೆ. ಅವರು ಅಲ್ಲಿ ಮೂವತ್ತು ವರ್ಷದಿಂದ ಪಾಠ ಮಾಡುತ್ತಿದ್ದರೂ ಅಷ್ಟೇ.

ಯಾವುದಕ್ಕೆ ಹೊಸಬ? ಊರಿಗೆ. ಮಧ್ಯ ಯುರೋಪಿನ ಹಳ್ಳಿಗಳಲ್ಲಿ ರೈತರಿಗೆ ಬಹುಕಾಲ ವಂಶದ ಹೆಸರು ಅಂತ ಇರಲಿಲ್ಲ. ಯಾನ್, ಪಾವೆಲ್, ಯೋಸೆಫ್ ಅಂತ ಕ್ರೈಸ್ತ ಹೆಸರುಗಳು, ಅವೂ ಬೆರಳೆಣಿಕೆಯಷ್ಟು. ಒಂದೇ ಊರಲ್ಲಿ ಆರು ಜನ ಯಾನ್ ಇದ್ದರೆ ಗುರುತು ಹಿಡಿಯಬೇಕಲ್ಲ? ಕುಲುಮೆಯವನು ಒಬ್ಬ, ಗುಂಗುರು ಕೂದಲಿನವನು ಇನ್ನೊಬ್ಬ, ಗಿರಣಿಯವನು ಮತ್ತೊಬ್ಬ. ಬೇರೆ ಕಡೆಯಿಂದ ಬಂದು ನೆಲೆಸಿದವನು ನೊವಾಕ್. ಇದು ಅವನು ಇಟ್ಟುಕೊಂಡ ಹೆಸರಲ್ಲ, ಊರಿನವರು ಕರೆದದ್ದು. ಸ್ಲೊವೇನಿಯಾದ ಕಡೆ ಇದಕ್ಕೆ ಇನ್ನೊಂದು ಬಣ್ಣವೂ ಇದೆ. ಅಲ್ಲಿ 'ನೊವಿನಾ' ಅಂದರೆ ಕಾಡು ಕಡಿದು ಹೊಸದಾಗಿ ಉತ್ತ ಹೊಲ. ಅಂಥ ಹೊಲದಲ್ಲಿ ಬಂದು ಕೂತವನೂ ನೊವಾಕ್. ಅಂದ ಹಾಗೆ, ಜೆಕ್ ಭಾಷೆಯಲ್ಲಿ 'ನೊವಿನಿ' ಅಂದರೆ ದಿನಪತ್ರಿಕೆ! ಹೊಸ ಹೊಲಕ್ಕೂ ಹೊಸ ಸುದ್ದಿಗೂ ಮೂಲ ಒಂದೇ.

ಇಲ್ಲಿ ಎಲ್ಲರಿಗೂ ಬರುವ ಅನುಮಾನ ಒಂದಿದೆ. ಹೊಸಬರು ಅಂದರೆ ಕಡಿಮೆ ಜನ ಇರಬೇಕು, ಅಲ್ವಾ? ಹಾಗಾದರೆ ಆ ಹೆಸರು ಜೆಕ್, ಪೋಲೆಂಡ್, ಸ್ಲೊವೇನಿಯಾ ಮೂರೂ ದೇಶಗಳಲ್ಲಿ ನಂಬರ್ ಒನ್ ಆಗಿದ್ದು ಹೇಗೆ?

ಒಂದು ಹಳ್ಳಿಯಲ್ಲಿ ಮೂವತ್ತು ಹಳೇ ಮನೆಗಳಿವೆ ಅಂದುಕೊಳ್ಳಿ. ಆ ಮೂವತ್ತನ್ನೂ ಒಂದರಿಂದ ಒಂದು ಬೇರೆ ಮಾಡಿ ಹೇಳಬೇಕು. ಹಾಗಾಗಿ ಮೂವತ್ತು ಹೆಸರು ಹುಟ್ಟುತ್ತವೆ. ಹೊಸದಾಗಿ ಬಂದವನು ಒಬ್ಬನೇ. ಅವನನ್ನು 'ಹೊಸಬ' ಅಂದರೆ ಸಾಕು, ಯಾರಿಗೂ ಗೊಂದಲ ಇಲ್ಲ. ಪಕ್ಕದ ಊರಲ್ಲೂ ಇದೇ ಕತೆ. ಅಲ್ಲಿನ ಹಳೇ ಮನೆಗಳ ಹೆಸರು ಬೇರೆ ಬೇರೆ, ಆದರೆ ಹೊಸಬ ಮಾತ್ರ ಅಲ್ಲೂ ಹೊಸಬನೇ. ಹೀಗೆ ಸಾವಿರಾರು ಹಳ್ಳಿಗಳು ಒಂದಕ್ಕೊಂದು ಕೇಳದೆ ಒಂದೇ ಹೆಸರು ಇಟ್ಟವು. ಹಳ್ಳಿಯ ಒಳಗೆ ತೀರಾ ವಿಶೇಷವಾಗಿದ್ದ ಹೆಸರು ದೇಶದ ಪಟ್ಟಿಯಲ್ಲಿ ತೀರಾ ಸಾಮಾನ್ಯ ಆಯಿತು. ಹಾಗಾಗಿ ಇಬ್ಬರು ನೊವಾಕರು ಎದುರಾದರೆ ಅವರ ಪೂರ್ವಜರು ಇಬ್ಬರೂ ಎಲ್ಲಿಂದಲೋ ಬಂದವರು ಅಂತ ಹೇಳಬಹುದು. ಒಂದೇ ಕಡೆಯಿಂದ ಬಂದವರು ಅಂತ ಹೇಳಲು ಬರುವುದಿಲ್ಲ.

ಜೆಕ್ ನಾಡಿನಲ್ಲಿ ಹೊಸಬರು ಇಷ್ಟು ಓಡಾಡಲು ಒಂದು ದೊಡ್ಡ ಕಾರಣ ಮೂವತ್ತು ವರ್ಷಗಳ ಯುದ್ಧ, 1618ರಿಂದ 1648. ಸೈನ್ಯಗಳು ತುಳಿದವು, ಬರ ಬಂತು, ಪ್ಲೇಗ್ ಬಂತು. ಜೆಕ್ ನಾಡಿನ ಪಶ್ಚಿಮ ಭಾಗವಾದ ಬೊಹೀಮಿಯಾದ ಎಷ್ಟೋ ಹಳ್ಳಿಗಳಲ್ಲಿ ಮನೆಗಳು ಖಾಲಿ ಬಿದ್ದವು. ಯುದ್ಧ ಮುಗಿದ ಮೇಲೆ, 1650ರ ದಶಕದಲ್ಲಿ, ಕಂದಾಯಕ್ಕಾಗಿ 'ಬೆರ್ನೀ ರುಲಾ' ಅನ್ನುವ ಲೆಕ್ಕದ ಪುಸ್ತಕ ಬರೆಸಿದರು. ಯಾವ ಜಮೀನು ಪಾಳು, ಯಾವುದರಲ್ಲಿ ಈಗ ತಾನೇ ಒಕ್ಕಲು ಬಂದಿದೆ ಅನ್ನುವುದು ಅದರಲ್ಲಿ ಕಾಣುತ್ತದೆ. ಜಮೀನ್ದಾರರಿಗೆ ದುಡಿಯುವ ಕೈ ಬೇಕಿತ್ತು, ಬೇರೆ ಕಡೆಯಿಂದ ಜನರನ್ನು ತಂದು ಕೂರಿಸಿದರು. ನೊವಾಕ್ ಹೆಸರು ಯುದ್ಧಕ್ಕೆ ಮೊದಲೂ ಇತ್ತು ನಿಜ. ಆದರೆ ಇಂಥ ಕಾಲದಲ್ಲಿ ಅದಕ್ಕೆ ಕೆಲಸ ಜಾಸ್ತಿ.

ಇನ್ನೊಂದು ರೂಢಿಯನ್ನು ಹೇಳಲೇಬೇಕು. ಜೆಕ್ ಹಳ್ಳಿಗಳಲ್ಲಿ ಹೆಸರು ಎಷ್ಟೋ ಸಲ ಮನುಷ್ಯನಿಗಲ್ಲ, ಮನೆಗೆ ಅಂಟಿಕೊಂಡಿರುತ್ತಿತ್ತು. ಒಬ್ಬ ಇನ್ನೊಬ್ಬರ ಜಮೀನು ಕೊಂಡರೆ, ಇಲ್ಲವೇ ಮನೆಅಳಿಯನಾಗಿ ಹೋದರೆ, ಆ ಮನೆಯ ಹೆಸರು ಅವನಿಗೆ ಬರುತ್ತಿತ್ತು. ಅಂದರೆ ನೊವಾಕರ ಮನೆಗೆ ಹೋದ ಅಳಿಯನೂ ನೊವಾಕ್! ಹೊಸಬನ ಮನೆಗೆ ಇನ್ನೊಬ್ಬ ಹೊಸಬ. ಮಲೆನಾಡು, ಕರಾವಳಿ ಕಡೆ ಮನೆಹೆಸರಿನಿಂದಲೇ ಜನರನ್ನು ಕರೆಯುವುದು ನಿಮಗೆ ಗೊತ್ತಿರಬಹುದು. ಹೆಚ್ಚುಕಡಿಮೆ ಅದೇ ಬಗೆ. ಸ್ಲೊವೇನಿಯಾದ ಹಳ್ಳಿಗಳಲ್ಲಿ ಈಗಲೂ ಕಾಗದದಲ್ಲಿ ಒಂದು ಹೆಸರು, ಊರಿನ ಬಾಯಲ್ಲಿ ಮನೆಯ ಹೆಸರು ಇನ್ನೊಂದು ಇರುವುದುಂಟು.

ಹೆಸರುಗಳ ಈ ಓಡಾಟಕ್ಕೆ ಸರ್ಕಾರ ಬೀಗ ಹಾಕಿದ್ದು ಹದಿನೆಂಟನೇ ಶತಮಾನದ ಕೊನೆಗೆ. 1770-71ರಲ್ಲಿ, ವಿಯೆನ್ನಾದಿಂದ ಜೆಕ್ ನಾಡನ್ನೂ ಆಳುತ್ತಿದ್ದ ಮರಿಯಾ ತೆರೇಸಾ ರಾಣಿಯ ಕಾಲದಲ್ಲಿ ಮನೆಮನೆಗೂ ನಂಬರ್ ಬಂತು. ಸೈನ್ಯಕ್ಕೆ ಆಳು ಸೇರಿಸುವ ಲೆಕ್ಕಕ್ಕೆ ಅದು ಬೇಕಿತ್ತು. ಅವಳ ಮಗ ಎರಡನೇ ಜೋಸೆಫ್ 1781ರಲ್ಲಿ ಜೀತದ ಕಟ್ಟು ಸಡಿಲಿಸಿದ. ರೈತ ಇನ್ನು ಒಡೆಯನ ಅಪ್ಪಣೆ ಇಲ್ಲದೆ ಊರು ಬಿಡಬಹುದು. ಅದೇ ದಶಕದಲ್ಲಿ ಮನೆತನದ ಹೆಸರು ಬದಲಾಗದೆ ಅಪ್ಪನಿಂದ ಮಗನಿಗೆ ಹೋಗಬೇಕು ಅನ್ನುವುದೂ ಕಾನೂನಾಯಿತು. ಆ ಹೊತ್ತಿಗೆ ಯಾರು ನೊವಾಕ್ ಆಗಿದ್ದರೋ ಅವರ ಮಕ್ಕಳು ಮೊಮ್ಮಕ್ಕಳೆಲ್ಲ ನೊವಾಕ್ ಆಗಿಯೇ ಉಳಿದರು. ಮೊದಲು ಬಂದವನನ್ನು ಬಿಟ್ಟರೆ ಉಳಿದವರೆಲ್ಲ ಅದೇ ಊರಲ್ಲೇ ಹುಟ್ಟಿದವರು, ಆದರೂ 'ಹೊಸಬರು'.

ಈಗ ಲೆಕ್ಕಕ್ಕೆ ಬರೋಣ. ಜೆಕ್ ಗಣರಾಜ್ಯದ ಜನಸಂಖ್ಯೆ 1 ಕೋಟಿ ದಾಟಿ ಸ್ವಲ್ಪ. ಅದರಲ್ಲಿ ನೊವಾಕ್ ಗಂಡಸರು, ನೊವಾಕೊವಾ ಹೆಂಗಸರು ಇಬ್ಬರನ್ನೂ ಸೇರಿಸಿದರೆ 65-70 ಸಾವಿರದ ಆಸುಪಾಸು, ಮೊದಲ ಸ್ಥಾನ. ಎರಡನೆಯದು ಸ್ವೊಬೊದಾ, ಅಂದರೆ ಯಾರ ಆಳೂ ಅಲ್ಲದ ಸ್ವತಂತ್ರ ಮನುಷ್ಯ. ಪೋಲೆಂಡಿನಲ್ಲಿ ಸುಮಾರು 2 ಲಕ್ಷ ನೊವಾಕರು, ಅಲ್ಲೂ ಮೊದಲ ಸ್ಥಾನ. ಪಶ್ಚಿಮದ ಪೊಜ್ನಾನ್ ಸುತ್ತಮುತ್ತ ದಟ್ಟಣೆ ಜಾಸ್ತಿ. ಸ್ಲೊವೇನಿಯಾ ಪುಟ್ಟ ದೇಶ, 21 ಲಕ್ಷ ಜನ. ಅಲ್ಲಿ 11 ಸಾವಿರದ ಹತ್ತಿರ, ಅಲ್ಲೂ ನಂಬರ್ ಒನ್. ಭಾಗಿಸಿ ನೋಡಿ. ಜೆಕ್‌ನಲ್ಲಿ ಸ್ವಲ್ಪ ಹೆಚ್ಚು, ಉಳಿದೆರಡು ಕಡೆ ಇನ್ನೂರಕ್ಕೊಬ್ಬರಂತೆ ನೊವಾಕ್ ಸಿಗುತ್ತಾರೆ. ನಿಮ್ಮ ಮಗಳ ಸುತ್ತ ಮೂವರು ಇರುವುದು ಆಶ್ಚರ್ಯದ ಮಾತೇ ಅಲ್ಲ.

ಅಷ್ಟು ಸಾಮಾನ್ಯವಾದ್ದರಿಂದಲೇ ಅದು 'ಯಾರೋ ಒಬ್ಬ' ಅನ್ನುವ ಅರ್ಥಕ್ಕೂ ಬಂದಿದೆ. ಜೆಕ್ ಅರ್ಜಿ ಫಾರಂಗಳ ಮಾದರಿಯಲ್ಲಿ ತುಂಬಿರುವ ಹೆಸರು ಯಾನ್ ನೊವಾಕ್. ಸ್ಲೊವೇನಿಯಾದಲ್ಲಿ ಯಾನೆಜ್ ನೊವಾಕ್. ನಮ್ಮ ರಾಮ-ಸೋಮ ಇದ್ದ ಹಾಗೆ. ಪೋಲೆಂಡಿನವರು ಮಾತ್ರ ಆ ಜಾಗಕ್ಕೆ ಯಾನ್ ಕೊವಾಲ್ಸ್ಕಿಯನ್ನು ತರುತ್ತಾರೆ. ಕೊವಾಲ್ ಅಂದರೆ ಕಮ್ಮಾರ. ಲೆಕ್ಕದಲ್ಲಿ ಕೊವಾಲ್ಸ್ಕಿ ಎರಡನೆಯವನು, ಆದರೆ ಮಾತಿನಲ್ಲಿ ಅವನೇ ಮುಂದೆ.

ಸಾಮಾನ್ಯ ಹೆಸರಿಗೆ ಒಂದು ಬಲ ಇರುತ್ತದೆ. ಅದರೊಳಗೆ ಅಡಗಿಕೊಳ್ಳಬಹುದು. ಎರಡನೇ ಮಹಾಯುದ್ಧದಲ್ಲಿ ಪೋಲೆಂಡಿನ ಭೂಗತ ಸೈನ್ಯದ ಸುದ್ದಿಯನ್ನು ಲಂಡನ್ನಿಗೆ ಮುಟ್ಟಿಸುತ್ತಿದ್ದ ಒಬ್ಬ ಧೈರ್ಯಗಾರ ಇದ್ದರು. ಹುಟ್ಟುಹೆಸರು ಜ್ಡಿಸ್ವಾಫ್ ಯೆಜೊರಾನ್ಸ್ಕಿ. ಉಚ್ಚರಿಸುವುದೇ ಕಷ್ಟ. ಅವರು ಇಟ್ಟುಕೊಂಡ ಗುಪ್ತನಾಮ ಯಾನ್ ನೊವಾಕ್. ಲಕ್ಷಾಂತರ ಜನರ ಹೆಸರು ಅದು, ಯಾರನ್ನು ಅಂತ ಹುಡುಕುತ್ತಾರೆ? ಯುದ್ಧದ ನಂತರ ಅವರು ಅಮೆರಿಕದ ನೆರವಿನ ರೇಡಿಯೋ ಫ್ರೀ ಯುರೋಪ್ ಬಾನುಲಿಯ ಪೋಲಿಷ್ ವಿಭಾಗದ ಮೊದಲ ಮುಖ್ಯಸ್ಥರಾದರು. ಆ ಹೆಸರು ಎಷ್ಟು ಅಂಟಿಕೊಂಡಿತೆಂದರೆ 2005ರಲ್ಲಿ ತೀರಿಕೊಳ್ಳುವವರೆಗೂ ನೊವಾಕ್-ಯೆಜೊರಾನ್ಸ್ಕಿ ಆಗಿಯೇ ಇದ್ದರು.

ಇನ್ನು ಗಡಿ ದಾಟಿದವರ ಕತೆ. ಒಮ್ಮೆ ವಿಯೆನ್ನಾದಲ್ಲಿ ಒಂದು ಹಳೇ ಅಪಾರ್ಟ್‌ಮೆಂಟಿನ ಬಾಗಿಲಲ್ಲಿ ಬೆಲ್ ಒತ್ತಲು ನಿಂತಿದ್ದೆ. ಹೆಸರುಗಳ ಪಟ್ಟಿ ಓದಿದರೆ ನೊವಾಕ್, ಸ್ವೊಬೊದಾ, ಪ್ರೊಖಾಜ್ಕಾ, ದ್ವೊರ್ಝಾಕ್! ಪ್ರಾಗ್‌ನಲ್ಲಿ ಇದ್ದೀನೇನೋ ಅನಿಸಿತು. ಹತ್ತೊಂಬತ್ತನೇ ಶತಮಾನದಲ್ಲಿ ವಿಯೆನ್ನಾ ಬೆಳೆಯುತ್ತಿದ್ದಾಗ ಇಟ್ಟಿಗೆ ಸುಡಲು, ಹೊಲಿಗೆ ಹಾಕಲು, ಮನೆಗೆಲಸಕ್ಕೆ ಅಂತ ಜೆಕ್ ಜನ ಸಾಲುಸಾಲಾಗಿ ಹೋದರು. ವೀನರ್‌ಬರ್ಗ್ ಗುಡ್ಡದ ಇಟ್ಟಿಗೆ ಭಟ್ಟಿಗಳಲ್ಲಿ ಅವರದೇ ಸಂತೆ. ಪೋಲಿಷ್ ನೊವಾಕರು ಜರ್ಮನಿಯ ರೂರ್ ಕಣಿವೆಯ ಕಲ್ಲಿದ್ದಲ ಗಣಿಗಳಿಗೆ ಹೋದರು. 1962ರ ಚಿಲಿ ವಿಶ್ವಕಪ್ ಫುಟ್‌ಬಾಲಿನಲ್ಲಿ ಇದರದೊಂದು ತಮಾಷೆ ಕಾಣುತ್ತದೆ. ಫೈನಲ್ ತಲುಪಿದ ಚೆಕೊಸ್ಲೊವಾಕಿಯಾದ ನಾಯಕ ಲಾದಿಸ್ಲಾವ್ ನೊವಾಕ್. ಅದೇ ಕೂಟದಲ್ಲಿ ಪಶ್ಚಿಮ ಜರ್ಮನಿಗೆ ಆಡಿದವರು ರೂರ್ ಪ್ರದೇಶದ ಹಾನ್ಸ್ ನೊವಾಕ್.

ಜರ್ಮನಿಯ ಪೂರ್ವ ಭಾಗದ ಲುಸಾಶಿಯಾದಲ್ಲಿ ಸೋರ್ಬ್ ಅನ್ನುವ ಚಿಕ್ಕ ಸ್ಲಾವ್ ಸಮುದಾಯ ಇದೆ. ಅವರ ನೊವಾಕ್ ಜರ್ಮನ್ ಬಾಯಲ್ಲಿ 'ನೋಆಕ್' ಆಯಿತು. ಜರ್ಮನ್ನರಿಗೆ ತಮ್ಮದೇ ನೊಯ್‌ಮಾನ್ ಇದ್ದಾನೆ, ಇಂಗ್ಲಿಷರಿಗೆ ನ್ಯೂಮನ್. ಅರ್ಥ ಎಲ್ಲ ಕಡೆ ಅದೇ. ಹಂಗೇರಿಯ ಭಾಷೆ ಸ್ಲಾವ್ ಅಲ್ಲ, ಆದರೂ 2022ರಲ್ಲಿ ಅಲ್ಲಿನ ಮೊದಲ ಮಹಿಳಾ ಅಧ್ಯಕ್ಷೆಯಾದವರು ಕತಲಿನ್ ನೊವಾಕ್. ಅಮೆರಿಕದ ನಟಿ ಕಿಮ್ ನೊವಾಕ್ ಶಿಕಾಗೋದ ಜೆಕ್ ಮೂಲದ ಮನೆಯಲ್ಲಿ 1933ರಲ್ಲಿ ಹುಟ್ಟಿದವರು. ಸಿನಿಮಾ ಸ್ಟುಡಿಯೋದವರು ಹೆಸರು ಪೂರ್ತಿ ಬದಲಿಸಲು ನೋಡಿದರು. ಆಕೆ ಮೊದಲ ಹೆಸರು ಮಾತ್ರ ಬಿಟ್ಟುಕೊಟ್ಟು 'ನೊವಾಕ್' ಉಳಿಸಿಕೊಂಡರು.

ಜೊಕೊವಿಚ್ ವಿಷಯ ಬೇರೆ. ಅವರಿಗೆ ನೊವಾಕ್ ಅನ್ನುವುದು ಇಟ್ಟ ಹೆಸರು, ಮನೆತನದ್ದಲ್ಲ. ಸರ್ಬಿಯಾ ಕಡೆ ಇದು ಹಳೇ ಕಾಲದಿಂದ ಗಂಡುಮಕ್ಕಳಿಗೆ ಇಡುವ ಹೆಸರು. ಹದಿನಾರನೇ ಶತಮಾನದಲ್ಲಿ ತುರ್ಕರ ವಿರುದ್ಧ ಹೋರಾಡಿದ ಸ್ತಾರಿನಾ ನೊವಾಕ್ ಅನ್ನುವ ಬಂಡಾಯಗಾರ ಅಲ್ಲಿನ ಲಾವಣಿಗಳ ನಾಯಕ. 'ಸ್ತಾರಿನಾ' ಅಂದರೆ ಮುದುಕ. 'ಮುದುಕ ಹೊಸಬ'! ಅವನನ್ನು 1601ರಲ್ಲಿ ಟ್ರಾನ್ಸಿಲ್ವೇನಿಯಾದ ಕ್ಲೂಜ್‌ನಲ್ಲಿ ಕೊಂದರು. ಈಗ ಅಲ್ಲೇ ಅವನ ಪ್ರತಿಮೆ ಇದೆ. ಹೆಸರು ಹೀಗೆ ಇಟ್ಟ ಹೆಸರಾದ ಕಡೆ ಮನೆತನದ ಹೆಸರು ನೊವಾಕೊವಿಚ್ ಆಗುತ್ತದೆ, ಅಂದರೆ ನೊವಾಕ್‌ನ ಕಡೆಯವರು. ಜೊಕೊವಿಚ್ ಅಂದರೂ ಹಾಗೇ, ಜೊಕೊನ ಕಡೆಯವರು. ರಷ್ಯಾದಲ್ಲಿ ಇದೇ ಬೇರಿನಿಂದ ನೊವಿಕೊವ್ ಬಂದಿದೆ. ಅದು ಬೇರೆ ಕೊಂಬೆ, ಅದಕ್ಕೆ ಈಗ ಕೈ ಹಾಕುವುದಿಲ್ಲ.

ಟೆನಿಸ್ ಬಂತು ಅಂತ ಇನ್ನೆರಡು ಹೆಸರು. 1993ರ ವಿಂಬಲ್ಡನ್ ಫೈನಲ್ ಸೋತು ಬ್ರಿಟನ್ ರಾಜಮನೆತನದ ಡಚೆಸ್ ಆಫ್ ಕೆಂಟ್ ಹೆಗಲ ಮೇಲೆ ತಲೆಯಿಟ್ಟು ಅತ್ತು, 1998ರಲ್ಲಿ ಗೆದ್ದ ಯಾನಾ ನೊವೊತ್ನಾ ನೆನಪಿದ್ದಾರಾ? ನೊವೊತ್ನೀ ಅನ್ನುವುದೂ ಹೊಸಬನೇ. ಜೆಕ್ ಪಟ್ಟಿಯಲ್ಲಿ ಅದಕ್ಕೆ ಮೂರನೇ ಸ್ಥಾನ. ಮಾರ್ಟಿನಾ ನವ್ರಾತಿಲೋವಾ ಹೆಸರು ಪೇಪರಿನಲ್ಲಿ ನೋಡಿ ನಾವು ಹುಡುಗರು ನವರಾತ್ರಿಗೆ ಸಂಬಂಧ ಕಟ್ಟಿದ್ದೆವು. ಏನೂ ಇಲ್ಲ. 'ನವ್ರಾತಿಲ್' ಅಂದರೆ 'ಮರಳಿ ಬಂದ'. ಊರು ಬಿಟ್ಟು ಹೋಗಿ ಮತ್ತೆ ಬಂದವನ ಹೆಸರು. ಕ್ರಿಯಾಪದವನ್ನೇ ಮನೆತನದ ಹೆಸರು ಮಾಡುವುದು ಜೆಕ್ ಜನರ, ಅದರಲ್ಲೂ ಬ್ರ್ನೊ ಇರುವ ಪೂರ್ವ ಭಾಗವಾದ ಮೊರಾವಿಯಾದವರ ಚಪಲ. ನೆಜ್ವಲ್ ಅಂದರೆ 'ಕರೆಯಲಿಲ್ಲ'. ಸ್ಕೊಚ್‌ದೊಪೊಲೆ ಅಂದರೆ 'ಹೊಲಕ್ಕೆ ಹಾರು'. ಇದನ್ನೆಲ್ಲ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಬರೆಸಿಕೊಂಡು ಗಂಭೀರವಾಗಿ ಓಡಾಡುತ್ತಾರೆ.

ಅಜ್ಜಿಯ 'ಓವಾ' ಏನು? ನೊವಾಕೊವಾ ಅಂದರೆ ಮೂಲದಲ್ಲಿ 'ನೊವಾಕ್‌ನವಳು', ಅವನ ಹೆಂಡತಿ ಇಲ್ಲವೇ ಮಗಳು. ಜೆಕ್ ವ್ಯಾಕರಣದಲ್ಲಿ ಹೆಂಗಸರ ಮನೆತನದ ಹೆಸರಿಗೆ ಹೆಣ್ಣು ರೂಪ ಬೇಕು. ಇಲ್ಲದಿದ್ದರೆ ವಾಕ್ಯದಲ್ಲಿ ವಿಭಕ್ತಿ ಹಚ್ಚುವುದೇ ಕಷ್ಟ. ಈ ಅಭ್ಯಾಸ ಎಷ್ಟು ಗಟ್ಟಿ ಅಂದರೆ ವಿದೇಶಿಯರನ್ನೂ ಬಿಡುವುದಿಲ್ಲ. ಜೆಕ್ ಬರಹದಲ್ಲಿ ನಮ್ಮ ಇಂದಿರಾ ಗಾಂಧಿಯವರು 'ಇಂದಿರಾ ಗಾಂಧಿಯೊವಾ'! 'ನಾನು ಯಾರವಳೂ ಅಲ್ಲ' ಅಂತ ಕೆಲವು ಹೆಂಗಸರು ಇದನ್ನು ಬಹಳ ಕಾಲದಿಂದ ವಿರೋಧಿಸುತ್ತಿದ್ದರು. ನನಗೆ ಅವರ ಮಾತಿನಲ್ಲಿ ನ್ಯಾಯ ಕಾಣುತ್ತದೆ. 2022ರ ಜನವರಿಯಿಂದ ಕಾನೂನು ಬದಲಾಗಿ, ಬೇಕಾದವರು ಕಾರಣ ಕೊಡದೆ 'ಓವಾ' ಬಿಡಬಹುದು. ಪೋಲಿಷ್‌ನಲ್ಲೂ ಹಿಂದೆ ಹೆಂಡತಿ ನೊವಕೊವಾ, ಮಗಳು ನೊವಕುವ್ನಾ ಅಂತ ಬೇರೆ ಬೇರೆ ಇತ್ತು. ಈಗ ಅದು ಹೆಚ್ಚುಕಡಿಮೆ ಹೋಗಿದೆ, ಗಂಡಿಗೂ ಹೆಣ್ಣಿಗೂ ನೊವಾಕ್. ಹಾಗಾಗಿ ಮಗಳ ಗೆಳತಿಗೆ 'ಓವಾ' ಇಲ್ಲ. ಆದರೆ ಕೊವಾಲ್ಸ್ಕಿಯ ಹೆಂಡತಿ ಈಗಲೂ ಕೊವಾಲ್ಸ್ಕಾ. ಅದು ಗುಣವಾಚಕದ ರೂಪ, ಲಿಂಗ ಬದಲಾದರೆ ಕೊನೆಯೂ ಬದಲಾಗಲೇಬೇಕು.

ಪೋಲಿಷ್ ನೊವಾಕ್‌ಗೆ ನಡುವೆ 'ಡಬ್ಲ್ಯೂ' ಬರುತ್ತದೆ, ಜೆಕ್‌ಗೆ 'ವಿ'. ಅದನ್ನು ನೋಡಿ ಮೂಲ ಹೇಳಬಹುದು ಅಂತ ಬಹಳ ಜನ ನಂಬಿದ್ದಾರೆ. ಅಮೆರಿಕದಲ್ಲಿ ವಂಶವೃಕ್ಷ ಹುಡುಕುವವರು ಎಡವುವುದೂ ಇಲ್ಲೇ. ಹತ್ತೊಂಬತ್ತನೇ ಶತಮಾನದ ನಡುವಿನವರೆಗೆ ಜೆಕ್ ಬರಹದಲ್ಲೂ ಈ ಅಕ್ಷರ 'ಡಬ್ಲ್ಯೂ'ವೇ. ಹಳೇ ಚರ್ಚಿನ ಪುಸ್ತಕದಲ್ಲಿ ಜೆಕ್ ನೊವಾಕ್ ಪೋಲಿಷ್‌ನವನ ಹಾಗೆ ಕಾಣುತ್ತಾನೆ. ನಿಜವಾಗಿ ಬೇರು ಹುಡುಕಬೇಕಾದರೆ ಊರಿನ ಹೆಸರು ಬೇಕು, ಮನೆ ನಂಬರ್ ಬೇಕು. ಮರಿಯಾ ತೆರೇಸಾ ಹಾಕಿಸಿದ ಆ ನಂಬರುಗಳು ಇಂಥ ಹೊತ್ತಿನಲ್ಲಿ ದೇವರಂತೆ ಒದಗುತ್ತವೆ. ಚರ್ಚಿನ ಹುಟ್ಟು-ಮದುವೆ-ಸಾವಿನ ಪುಸ್ತಕಗಳನ್ನು ಜೆಕ್ ಪ್ರಾದೇಶಿಕ ಪತ್ರಾಗಾರಗಳು ಸ್ಕ್ಯಾನ್ ಮಾಡಿ ಪುಕ್ಕಟೆಯಾಗಿ ಇಟ್ಟಿವೆ. ಬ್ರ್ನೊದಲ್ಲೇ ಮೊರಾವಿಯಾದ ದೊಡ್ಡ ಪತ್ರಾಗಾರ ಇದೆ. ಮಗಳಿಗೆ ಬಿಡುವಿದ್ದರೆ ಅಜ್ಜಿಯ ಊರು ಕೇಳಿ ಒಮ್ಮೆ ತಿರುವಿ ನೋಡಲಿ. ಅಜ್ಜಿಯ ಗಂಡನಿಗೂ ಪ್ರೊಫೆಸರಿಗೂ ನಂಟು ಸಿಕ್ಕಿದರೆ ಅದು ಲಾಟರಿ ಹೊಡೆದ ಹಾಗೆ. ಅಲ್ಲಿ ಗೋತ್ರದಂಥ ಕಟ್ಟೂ ಇಲ್ಲ. ನೊವಾಕ್ ಹುಡುಗ ನೊವಾಕೊವಾ ಹುಡುಗಿಯನ್ನು ಮದುವೆಯಾದರೆ ಯಾರೂ ಹುಬ್ಬೇರಿಸುವುದಿಲ್ಲ. ಹುಡುಗಿಗೆ ಹೆಸರು ಬದಲಿಸುವ ಓಡಾಟ ಉಳಿಯಿತು, ಅಷ್ಟೇ.

ಕೊನೆಗೆ ನಿಮ್ಮ 'ನವ'. ಸಂಸ್ಕೃತದ ನವ, ಸ್ಲಾವ್ ನೊವ್, ಲ್ಯಾಟಿನ್ ನೋವುಸ್, ಇಂಗ್ಲಿಷಿನ ನ್ಯೂ ಎಲ್ಲ ಒಂದೇ ಬೇರಿನ ಚಿಗುರು. ಹಾಗಾಗಿ ನಮ್ಮ ಓಣಿಯ ನವೀನನೂ ಬ್ರ್ನೊದ ನೊವಾಕನೂ ಶಬ್ದದ ಲೆಕ್ಕದಲ್ಲಿ ದೂರದ ದಾಯಾದಿಗಳು. ಆದರೆ ನವ ಕನ್ನಡಕ್ಕೆ ಬಂದದ್ದು ಸಂಸ್ಕೃತದಿಂದ. ನಮ್ಮದೇ ಮಾತು 'ಹೊಸ', ಹಳಗನ್ನಡದ 'ಪೊಸ', ತುಳುವಿನಲ್ಲಿ ಇಂದಿಗೂ 'ಪೊಸ', ತಮಿಳಿನ 'ಪುದು'. ಅದರ ಬೇರು ಬೇರೆ, ನೊವಾಕ್‌ಗೂ ಅದಕ್ಕೂ ನಂಟಿಲ್ಲ. ಅರ್ಥದಲ್ಲಿ ಮಾತ್ರ ನಿಮ್ಮ ಹುಬ್ಬಳ್ಳಿ ಕಡೆಯ ಹೊಸಮನಿ ಅಡ್ಡಹೆಸರು ನೊವಾಕ್‌ಗೆ ತೀರಾ ಹತ್ತಿರ. ನಾವು ಮನೆಯನ್ನು ಹೊಸದು ಅಂದೆವು, ಅವರು ಮನುಷ್ಯನನ್ನು ಅಂದರು. ಎಲ್ಲ ಹೊಸಮನಿಯವರೂ ಒಂದೇ ಮನೆಯವರಲ್ಲ ಅನ್ನುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಮಗಳಿಗೆ ಒಂದು ಮಾತು ಹೇಳಿಬಿಡಿ. ಜೆಕ್‌ನಲ್ಲಿ ಕರೆಯುವಾಗ ಹೆಸರಿನ ಕೊನೆ ಬದಲಾಗುತ್ತದೆ. ಪಕ್ಕದ ಮನೆಯ ನೊವಾಕ್ ಅವರನ್ನು 'ಪನೆ ನೊವಾಕು' ಅಂತ ಕರೆಯಬೇಕು. ಅಜ್ಜಿಗೆ 'ಪನೀ ನೊವಾಕೊವಾ' ಸಾಕು, ಅದು ಬದಲಾಗದು. ಪ್ರೊಫೆಸರಿಗೆ ಮನೆತನದ ಹೆಸರು ಹಿಡಿದು ಕರೆಯುವುದು ಬೇಡ. ಅಲ್ಲಿ ಪದವಿಗೇ ಮರ್ಯಾದೆ ಜಾಸ್ತಿ. 'ಪನೆ ಪ್ರೊಫೆಸೊರೆ' ಅಂದರೆ ಸರಿ. ನಾವು 'ಪ್ರೊಫೆಸರೇ' ಅಂದಂತೆಯೇ ಕೇಳಿಸುವುದರಿಂದ ಅವಳಿಗೆ ನೆನಪಿಡಲು ಕಷ್ಟ ಆಗಲಿಕ್ಕಿಲ್ಲ.